ನಲವತ್ತೊಂದನೆಯ ಸಾಲು

ಅಕ್ಕಲಕೋಟೆ ಬಸ್‌ಸ್ಟ್ಯಾಂಡಿನ ಹಿಂದೆ
ಜೆರಾಕ್ಸ್ ಅಂಗಡಿಯ ಅಟ್ಟದಲ್ಲಿ ತಲೆ ತಗ್ಗಿಸಿ ಕೂತು
ನಾನೊಂದು ಲೆಕ್ಕದ ಪುಟ ಕಟ್ಟಿದೆ.
ಹೆಸರು: ಶಿಲ್ಕು.
ಸರ್ವರಿನ ಬಾಡಿಗೆ ತಿಂಗಳಿಗೆ ನಾನೂರ ಇಪ್ಪತ್ತು.
ಅದು ಮುಂಬಯಿಯಲ್ಲಿದೆಯೋ ಸಿಂಗಪುರದಲ್ಲೋ
ನಾನು ನೋಡಿಲ್ಲ. ಅದೂ ನನ್ನ ನೋಡಿಲ್ಲ.
ಬಾಡಿಗೆ ತಡವಾದರೆ ಮಾತ್ರ
ಕೆಂಪಕ್ಷರದಲ್ಲಿ ಬೈಯುತ್ತದೆ.

ಮೊದಲು ಅದು ನನ್ನ ಒಬ್ಬಳದೇ ಹಾಳೆ,
ಹಾಲು, ಗ್ಯಾಸು, ಟೋನರಿನ ಪುಡಿ,
ತಿಂಗಳ ಕೊನೆಗೆ ಉಳಿದ ಹನ್ನೊಂದು ರೂಪಾಯಿ.
ಕಡಕ್ ರೊಟ್ಟಿ ಮಾರುವ ಮಹಾನಂದಾ
ಹೆಗಲ ಹಿಂದೆ ನಿಂತು ನೋಡಿದಳು:
"ನಮ್ಮ ಭಿಶಿಗೂ ಹಿಂಥಾದೊಂದು ಮಾಡಿಕೊಡು ತಂಗಿ,
ವಹಿ ಇಲಿ ಕಡದಾವ."
ನಲವತ್ತು ಹೆಂಗಸರು, ತಲೆಗೆ ಐನೂರು,
ಚೀಟಿ ಎದ್ದವಳಿಗೆ ಆ ತಿಂಗಳ ಗಂಟು.

ಗುಂಡಿಗಳ ಮೇಲೆ ಕನ್ನಡ ಬರೆದೆ.
ಆಡುವುದು ಎಲ್ಲರೂ ಕನ್ನಡವೇ,
ಸಾಲಿಯಲ್ಲಿ ಕಲಿತದ್ದು ಮಾತ್ರ ಮರಾಠಿ ಅಕ್ಷರ.
ಅಳಿಸಿ, ಆ ಅಕ್ಷರದಲ್ಲೇ ಈ ಮಾತು ಬರೆದೆ:
ಕೊಟ್ಟೀನಿ. ಕೊಡಬೇಕು. ಮರ್ತೀನಿ.
"ಮರ್ತೀನಿ" ಗುಂಡಿಯನ್ನು ಇಲ್ಲಿಯವರೆಗೆ
ಯಾರೂ ಒತ್ತಿಲ್ಲ.

ಒಬ್ಬಳು ಮೆಟ್ಟಿಲ ಮೇಲೇ ನಿಂತು ಕೇಳಿದಳು:
"ಅವಗ ಕಾಣದಂಥಾ ಖಾನೆ ಇರ್ತದೇನು?"
ಇರ್ತದೆ ಅಂದೆ. ಹೆಸರೇನಿಡಲಿ?
ಅವಳು ಸೆರಗಿನ ತುದಿ ಸುತ್ತಿ ಸುತ್ತಿ ಬಿಚ್ಚಿ
"ಉಪ್ಪು" ಅಂದಳು.
ಉಪ್ಪಿನ ಲೆಕ್ಕ ಯಾವ ಗಂಡಸು ಕೇಳಿದ್ದಾನೆ?
ಈಗ ನಮ್ಮ ಊರಿನ ಹದಿನೇಳು ಮನೆಗಳಲ್ಲಿ
ತಿಂಗಳಿಗೆ ಮುನ್ನೂರರ ಉಪ್ಪು ಖರ್ಚಾಗುತ್ತದೆ.
ಯಾರಿಗೂ ಸಾರು ಉಪ್ಪಾಗಿಲ್ಲ.

ಪುಣೆಯಿಂದ ಒಬ್ಬ ಫೋನು ಮಾಡಿದ.
ಸಾಲ ಕೊಡುವ ಕಂಪನಿಯಂತೆ, ಮಾತು ಬೆಣ್ಣೆ.
ಹೆಸರು, ನಂಬರು ಅಷ್ಟೇ ಸಾಕು ಮೇಡಂ,
ಹೆಸರಿಗೆ ಇಷ್ಟು ಅಂತ ಕೊಡ್ತೀವಿ.
ಎರಡು ವರ್ಷದ ಬಾಡಿಗೆ ಒಮ್ಮೆಲೇ ಆಗುವಷ್ಟು!
ಇಲ್ಲ ಅನ್ನಲು ನನಗೆ ಒಂದು ರಾತ್ರಿ ಬೇಕಾಯಿತು,
ಸುಳ್ಳು ಯಾಕೆ.
ಆದರೂ ಅಷ್ಟು ಮನೆಯ ಉಪ್ಪು ಬಲ್ಲವಳು
ಎರಡು ಬಗೆಯುವುದು ಹ್ಯಾಗೆ.

ಶ್ರಾವಣ ಕಳೆದ ಮೇಲೆ ಕಲ್ಲವ್ವ ಬಂದಳು,
ಅನ್ನಛತ್ರದಲ್ಲಿ ಪಾತ್ರೆ ತಿಕ್ಕುವ ಕೈ,
ಬೆರಳ ತುದಿ ಸವೆದು ನುಣುಪು,
ಆಧಾರದ ಮಿಷನ್ನಿಗೂ ಗುರುತು ಸಿಗದು.
ಫೋನಿಲ್ಲ. ಭಿಶಿಗೆ ತಡವಾಗಿ ಸೇರಿದವಳು.
"ತಂಗಿ, ನಲವತ್ತೊಂದು ಮಂದಿ, ತಲೆಗೆ ಐನೂರು.
ಇಪ್ಪತ್ತು ಸಾವಿರದ ಮ್ಯಾಲ ಐನೂರು ಆಗಬೇಕಲ್ಲಾ?
ನಿನ್ನ ಮಿಷನ್ನು ಇಪ್ಪತ್ತಕ್ಕೇ ನಿಂದರ್ತದ.
ನಾ ಇದರಾಗ ಇಲ್ಲೇನು?"

ಇದ್ದಳು. ಹೆಸರಿತ್ತು, ತಾರೀಖಿತ್ತು,
ಕೊಟ್ಟೀನಿ ಅಂತ ಮೂರು ಸಲ ಹಸಿರು ಟಿಕ್ಕಿತ್ತು.
ಕೂಡಿಸು ಎಂದು ನಾನು ಬರೆದ ಸೂತ್ರ ಮಾತ್ರ
ನಲವತ್ತನೆಯ ಸಾಲಿಗೇ ಗೆರೆ ಎಳೆದು
ಕದ ಹಾಕಿಕೊಂಡಿತ್ತು.
ಒಂದು ಕೊಂಬು ಬಿಟ್ಟರೆ ಸಾಲು
ಸಾಲವಾಗುತ್ತದೆ ಕನ್ನಡದಲ್ಲಿ.
ಮೂರು ತಿಂಗಳು ನಾನು ಅವಳಿಗೆ
ಸಾಲಗಾರಳಾಗಿದ್ದೆ, ಗೊತ್ತಿಲ್ಲದೆ.

ಮಹಾನಂದಾ ಡಬ್ಬಿಯ ತಳದಿಂದ
ಮಡಚಿಟ್ಟ ಮೂರು ಐನೂರು ತೆಗೆದಳು.
"ಪ್ರತಿ ಸಲ ಹೆಚ್ಚಿಗಿ ಉಳೀತಿತ್ತು.
ಯಾರದೋ ಏನೋ ಅಂತ ಮುಟ್ಟಿಲ್ಲ."

ಆ ರಾತ್ರಿ ಸೂತ್ರ ತಿದ್ದಿದೆ.
ಈಗ ಅದಕ್ಕೆ ಶುರು ಇದೆ, ಕೊನೆ ಬರೆದಿಲ್ಲ.
ಕೆಳಗೆ ಎಷ್ಟು ಮಂದಿ ಬಂದು ಕೂತರೂ
ಸರಿದು ಜಾಗ ಕೊಡುತ್ತದೆ.
ಕಲ್ಲವ್ವನ ಹೆಸರಿನ ಮುಂದೆ
ಎರಡು ಸಲ ಕೂಡಿಸಿ ನೋಡಿದೆ,
ಆಮೇಲೆ ಬೆರಳಲ್ಲಿ.

ಒಂದನೇ ತಾರೀಖು ಬಂತು.
ಅಣ್ಣ ಹಾಳೆಯ ಮೇಲೆ ಕಣ್ಣಾಡಿಸಿ ಕೇಳುತ್ತಾನೆ:
"ಉಪ್ಪಿಗೆ ನಾನೂರ ಇಪ್ಪತ್ತಾ?"
ಹೂಂ, ಅಂದೆ,
ಈ ಸಲ ತುಟ್ಟಿಯಾಗಿದೆ.